ವಾಲ್ವಿನ ಗಾಲಿ

“ಕೊಡ ಅದ್ದೀದೆಂದ್ರ ಕೈ ಮುರೀತೀನಿ ನೋಡ್ ಬೇ. ಮ್ಯಾಲ ನಿಂದ್ರು. ಯಾರರ ಹಾಕ್ತಾರ.”

ಅವ್ವ ಅದ್ದಿಯೇ ಬಿಟ್ಟಿದ್ದಳು. ಏಳಕ್ಕೆ ಬಂದವಳು, ಹತ್ತಾದರೂ ಒಬ್ಬರೂ ನೀರು ಹಾಕಿರಲಿಲ್ಲ. ನಮ್ಮೂರಿಗೆ ಕುಡಿಯುವ ನೀರೆಂದರೆ ಈ ಕೆರೆಯೊಂದೇ, ಬೋರಿನದು ಉಪ್ಪು. ಊರವರು ಚಪ್ಪಲಿ ಕಳೆದು ಇಳಿಯಬೇಕು, ನಮ್ಮ ಓಣಿಯವರು ಇಳಿಯಲೇಬಾರದು. ಮೇಲಿನ ಮೆಟ್ಟಿಲಲ್ಲಿ ಕೊಡ ಇಟ್ಟುಕೊಂಡು ಕಾಯಬೇಕು, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯಬೇಕು. ಎಲ್ಲೂ ಬರೆದಿಲ್ಲ. ಆದರೂ ಎಲ್ಲರಿಗೂ ಬಾಯಿಪಾಠ.

ಹಾಗೆ ಗದರಿದ್ದ ಪಂಚಾಯ್ತಿ ಮೆಂಬರ್ ಮಡಿವಾಳೆಪ್ಪ ಕೊಡಕ್ಕೆ ಒದ್ದ. ಅದು ಉರುಳಿ ಹೋಗಿ ಮತ್ತೆ ಕೆರೆಗೇ ಬಿತ್ತು. ಈಗ ಅದನ್ನು ಮುಟ್ಟದೆ ತೆಗೆಯಲು ಬಿದಿರು ತರಿಸಿದ.

“ಕೆರಿ ಹೊಲಸ ಮಾಡಿದ್ಲು. ನಿಮ್ಮವ್ವಗ ಬುದ್ಧಿ ಹೇಳಲೇ ಪುಂಡ್ಯಾ. ಇಲ್ಲಂದ್ರ ನಿನ್ನ ಪ್ಲ್ಯಾಂಟಿನ ಕೆಲಸಾನೂ ಹೊಕ್ಕೈತಿ.”

ನನಗೆ ನಗು ಬಂತು.

ಪ್ಲ್ಯಾಂಟೆಂದರೆ ಏರಿಯ ಆಚೆ ಇರುವ, ಊರ ಗಟಾರದ ನೀರು ಶುದ್ಧ ಮಾಡುವ ಘಟಕ. ಏಳನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಅದರ ಕಾವಲುಗಾರ. ಮೋಟರು ಸುಟ್ಟು ಹನ್ನೊಂದು ತಿಂಗಳು. ಟ್ಯಾಂಕಿನಲ್ಲಿ ಹುಲ್ಲು ಬೆಳೆದು ಎಮ್ಮೆ ಮೇಯುತ್ತವೆ. “ಕೆರಿ ಕಡೆ ವಾಲ್ ತಗದ್ ಬಿಡು, ನೀರಾಗ ನೀರ ಕೂಡ್ತೈತಿ” ಎಂದವನು ಎಂಜಿನಿಯರ್. ಬಾಜೂಕೇ ನಿಂತು ಹೂಂ ಎಂದವನು ಮಡಿವಾಳೆಪ್ಪ. ಅವನ ಮನೆಗೆ ಕ್ಯಾನಿನ ನೀರು ಬರುತ್ತದೆ. ವಾಲ್ವಿನ ಗಾಲಿ ತಿರುವಿದ ಕೈ ನನ್ನದು.

“ಯಾಕ್ ನಗ್ತೀಲೇ ಸೂಳಿಮಗನ?”

“ಅಲ್ರೀ, ನಮ್ಮವ್ವನ ಕೊಡಕ್ಕ ಕೆರಿ ಹೊಲಸಾತು. ನಿಮ್ಮ ಸಂಡಾಸದ್ದು ಹನ್ನೊಂದ ತಿಂಗಳಿಂದ ಇದಕ್ಕಽ ಬೀಳಾಕತ್ತೈತಿ, ಅದಕ್ಕ ಆಗ್ಲಿಲ್ಲಾ?”

ಕಪಾಳಕ್ಕೆ ಬಿತ್ತು. ನೀರು ತುಂಬುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಕೆಳಗಿನ ಮೆಟ್ಟಿಲಲ್ಲಿದ್ದ ಮೈಲಾರವ್ವ ತನ್ನ ಕೊಡದೊಳಗೆ ಇಣುಕಿ ನೋಡಿದಳು. “ಅರಿವ್ಯಾಗ ಸೋಸಿದ್ರ ಆತು ಬಿಡ” ಎಂದು ಇನ್ನೊಂದನ್ನೂ ಅದ್ದಿದಳು.

ಆ ಸಂಜೆಯೇ ಪ್ಲ್ಯಾಂಟಿನ ಗುಂಡಿಗಿಳಿದು ವಾಲ್ ಬಂದ್ ಮಾಡಿದೆ. ಮತ್ಯಾರೂ ತಿರುವಬಾರದೆಂದು ಗಾಲಿ ಬಿಚ್ಚಿ ಕೆರೆಗೆ ಎಸೆದೆ. ಊರಿನದು ಊರಿಗೇ ಹೋಗಲಿ.

ಹೋಯಿತು. ಮರುದಿನ ಮಧ್ಯಾಹ್ನಕ್ಕೆ ಮಡಿವಾಳೆಪ್ಪನ ಅಂಗಳದಲ್ಲಿ ಮೊಣಕಾಲುಮಟ ನಿಂತಿತ್ತು. ಆದರೆ ನನಗೆ ಒಂದು ಹೊಳೆದಿರಲಿಲ್ಲ. ಊರು ತುಂಬಿದರೆ, ಗುಂಡಿಗಿಳಿಯುವವರನ್ನು ಕರೆಯಲು ಜೀಪು ಬರುವುದು ನಮ್ಮ ಓಣಿಗೇ.

“ಹೊಳ್ಯಾ, ನಡಿ. ವಾಲ್ ಕಟ್ಟೇತಿ.”

ಜೀಪಿನಿಂದ ಮಡಿವಾಳೆಪ್ಪ ಕೂಗಿದ್ದು ಅಪ್ಪನನ್ನು. ಅಪ್ಪ ಆಗಲೇ ಅಂಗಿ ಬಿಚ್ಚುತ್ತಿದ್ದ.

ಗುಂಡಿ ಬಾಯಿಮಟ ತುಂಬಿ ಗುಳುಗುಳು ಎನ್ನುತ್ತಿತ್ತು. ಗೋಡೆಯ ಮೇಲೆ ‘ಒಳಗೆ ಇಳಿಸುವುದು ಅಪರಾಧ’ ಎಂದು ಬರೆದಿತ್ತು. ಎಂಜಿನಿಯರ್ ಅದಕ್ಕೇ ಬೆನ್ನು ಹಚ್ಚಿ ನಿಂತಿದ್ದ.

“ಕಟ್ಟಿಲ್ರೀ,” ಎಂದೆ. “ನಾನಽ ಬಂದ್ ಮಾಡೀನಿ. ಗಾಲಿ ಕೆರ್ಯಾಗ ಒಗದೀನಿ. ನಾನಽ ಇಳೀತೀನಿ.”

ಬಡಿಯುತ್ತಾನೆ ಎಂದುಕೊಂಡಿದ್ದೆ. ಮಡಿವಾಳೆಪ್ಪ ಮೂಗಿನ ಮೇಲಿನ ಟವೆಲ್ ತೆಗೆಯಲಿಲ್ಲ. “ಅಪ್ಪರ ಇಳೀಲಿ, ಮಗಾರ ಇಳೀಲಿ. ಜಲ್ದಿ ಆಗ್ಲಿ.”

ಅಪ್ಪ ನನ್ನನ್ನೇ ನೋಡಿದ. ಹಗ್ಗದ ಒಂದು ತುದಿ ಎದೆಗೆ ಸುತ್ತಿ ಬಿಗಿದುಕೊಂಡ.

“ನಿನಗ ದಮ್ ಹಿಡ್ಯಾಕ ಬರಾಂಗಿಲ್ಲ. ಹಗ್ಗ ಹಿಡಿ. ಜಗ್ಗಿದ್ರ ಎಳಿ.”

ಅವನಿಗೆ ಬರುತ್ತದೆ. ಕೆರೆಯಲ್ಲಿ ಈಜಲು ಬಿಡದ ಊರು, ಮುಳುಗುವುದನ್ನು ಅವನಿಗೆ ಸಂಡಾಸದ ಗುಂಡಿಗಳಲ್ಲಿ ಕಲಿಸಿತ್ತು. ಗಾಲಿಯಿಲ್ಲದ ವಾಲ್ ತಿರುವಲು ಪಾನಾ ಸೊಂಟಕ್ಕೆ ಸಿಗಿಸಿಕೊಂಡು, ಕಣ್ಣು ಮುಚ್ಚಿ, ತಲೆ ಒಳಗಿಟ್ಟ.

ಎಣಿಸುತ್ತ ನಿಂತೆ. ನಲವತ್ತಕ್ಕೆ ಕೆಳಗೆಲ್ಲೋ ಕಬ್ಬಿಣ ಬಡಿದ ಸದ್ದು. ಐವತ್ತಕ್ಕೆ ಏರಿಯ ಆಚೆ ಪೈಪು ಕಕ್ಕತೊಡಗಿತು. ಕಪ್ಪನೆಯದು ದಬದಬ ಕೆರೆಗೆ ಬಿತ್ತು.

“ಆತ್ ಬಿಡ್ರಿ, ಹೋಗೂಣು” ಎಂದು ಮಡಿವಾಳೆಪ್ಪ ಜೀಪು ಹತ್ತಿದ.

ಎಪ್ಪತ್ತು. ಎಂಬತ್ತು. ಹಗ್ಗ ಜಗ್ಗಿದೆ.

ಆ ತುದಿಯಿಂದ ಯಾರೂ ಜಗ್ಗಲಿಲ್ಲ.