ಕಿವಿಯ ದಿನಚರಿ

ಹೆಂಡತಿ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ, ಅವಳ ಕಿವಿಯ ಮಷೀನನ್ನು ಅವಳ ತಂಗಿಗೆ ಕೊಡುವುದೆಂದು ರೇಡಿಯೋದವರು ನಿಶ್ಚಯಿಸಿದರು. ಬಟ್ಟೆಬರೆಯನ್ನು ಬೇಕಾದವರಿಗೆ ಕೊಟ್ಟಾಗಿತ್ತು. ಕನ್ನಡಕವನ್ನು ಕಣ್ಣಿನ ಆಸ್ಪತ್ರೆಯವರು ಇಟ್ಟ ಡಬ್ಬಿಗೆ ಹಾಕಿ ಬಂದಿದ್ದರು. ಮಷೀನನ್ನು ಮಾತ್ರ ಹಾಗೆ ಯಾವುದೋ ಡಬ್ಬಿಗೆ ಹಾಕಲು ಅವರಿಗೆ ಕೈ ಬರಲಿಲ್ಲ. ಅದನ್ನು ಮಾಡಿದ್ದು ಅವರೇ.

ರೇಡಿಯೋದವರು ಎಂಬುದು ಬೀದಿಯವರು ಇಟ್ಟ ಹೆಸರು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದರು. ರೇಡಿಯೋ ತರುವವರೇ ಇಲ್ಲವಾದಾಗ ಕಂಪ್ಯೂಟರ್ ಕಲಿತು ಅದರಲ್ಲೂ ಕೈ ಪಳಗಿಸಿಕೊಂಡರು. ವಸ್ತು ಅಂದ ಮೇಲೆ ಅದಕ್ಕೆ ಸ್ಕ್ರೂ ಇರಬೇಕು, ಸಾಫ್ಟ್‌ವೇರ್ ಅಂದ ಮೇಲೆ ಅದರ ಒಳಗು ಬೇಕೆಂದವರಿಗೆ ಕಾಣಬೇಕು ಎಂಬುದು ಅವರ ಹಟ. ಅಂಟು ಬಳಿದು ಮುಚ್ಚಿದ ಫೋನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯ ಫೋಟೋಗಳನ್ನು ಕಂಪನಿಯವರ ಕಂಪ್ಯೂಟರಿನಲ್ಲಿ ಇಡುವುದೆಂದರೆ ಬಾಗಿಲಿನ ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟ ಹಾಗೆ ಎನ್ನುತ್ತಿದ್ದರು. ಅವರ ಕೆಲಸದ ಕೋಣೆಯ ಅಲಮಾರಿನ ಮೇಲೆ, ದಪ್ಪ ಪುಸ್ತಕದಷ್ಟು ಗಾತ್ರದ ಒಂದು ಕಂಪ್ಯೂಟರ್ ಹಸಿರು ದೀಪ ಮಿಣುಕಿಸುತ್ತ ಕುಳಿತಿತ್ತು. ಮನೆಯ ಫೋಟೋ, ಕಾಗದಪತ್ರ, ಪ್ರಾರ್ಥನೆಯ ಹಾಡುಗಳು ಎಲ್ಲವೂ ಅದರ ಹೊಟ್ಟೆಯಲ್ಲಿ. ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮದು ನಮ್ಮ ಅಲಮಾರಿನ ಮೇಲಿದೆ" ಎನ್ನುವಾಗ ಅವರ ಮುಖ ಅರಳುತ್ತಿತ್ತು.

ಹೆಂಡತಿಯ ಕಿವಿ ಮಂದವಾದಾಗ ಡಾಕ್ಟರು ಪೇಟೆಯ ಅಂಗಡಿಯೊಂದರ ವಿಳಾಸ ಬರೆದುಕೊಟ್ಟರು. ರೇಡಿಯೋದವರು ಅಂಗಡಿಯ ಮಷೀನನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಡಲೆಕಾಳಿನಷ್ಟಿತ್ತು; ಸ್ಕ್ರೂ ಇರಲಿಲ್ಲ. ಸದ್ದು ಹೆಚ್ಚುಕಡಿಮೆ ಮಾಡಬೇಕಾದರೂ ಕಂಪನಿಯ ಆ್ಯಪ್ ಬೇಕು. "ಇವಳೇ, ಏಳು. ನಾನೇ ಮಾಡಿಕೊಡ್ತೀನಿ" ಎಂದು ಹೆಂಡತಿಯನ್ನು ಎಬ್ಬಿಸಿಕೊಂಡು ಬಂದರು.

ಕಿವಿಯ ಮಷೀನಿನ ನಕ್ಷೆಯನ್ನೂ ಸಾಫ್ಟ್‌ವೇರನ್ನೂ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ಒಳ್ಳೆಯ ಜನರ ಬಳಗವೊಂದು ಇಂಟರ್ನೆಟ್ಟಿನಲ್ಲಿತ್ತು. ಅವರನ್ನು ಕೇಳಿ ಕೇಳಿ, ಏಳು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬೆಸುಗೆ ಹಾಕಿ, ಬೆಂಕಿಪೊಟ್ಟಣದಷ್ಟು ದೊಡ್ಡ ಮಷೀನು ಮಾಡಿದರು. ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಅದರಿಂದ ಒಂದು ತಂತಿ ಕಿವಿಗೆ. ನಾಲ್ಕು ಮೂಲೆಗೂ ನಾಲ್ಕು ಸ್ಕ್ರೂ. ಅದನ್ನು ಅವಳ ಕೊರಳಿಗೆ ಹಾಕುವ ಮುನ್ನ ಕಣ್ಣುಮುಚ್ಚಿ, ಈ ಕೈಗಳಿಗೆ ಈ ವಿದ್ಯೆ ಕೊಟ್ಟ ದೇವರಿಗೆ ವಂದಿಸಿದರು. ಆಮೇಲೆ ಅವಳ ಮುಖ ನೋಡಿ ಕೇಳಿದರು:

"ಕೇಳುತ್ತಾ?"

"ಚೆನ್ನಾಗಿ ಕೇಳುತ್ತೆ" ಎಂದಳು ಅವಳು.

ಮೂರು ವರ್ಷ ಅದು ಅವಳ ಕೊರಳಿನಲ್ಲಿತ್ತು. ರಾತ್ರಿ ಮಲಗುವಾಗ ತಪ್ಪದೆ ಚಾರ್ಜಿಗೆ ಹಾಕುತ್ತಿದ್ದಳು.

ಈಗ ನಾದಿನಿಗೂ ಕಿವಿ ಮಂದ. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳು ಭಾವನಿಗೆ ಒಂದು ಮಾತೂ ಹೇಳದೆ ಪೇಟೆಗೆ ಹೋಗಿ, ಅದೇ ಅಂಗಡಿಯಿಂದ ಕಡಲೆಕಾಳಿನಂಥ ಎರಡು ಮಷೀನು ತಂದಿದ್ದಳು. ಒಂದು ತಿಂಗಳು ಹಾಕಿ ನೋಡಬಹುದು, ಒಗ್ಗದಿದ್ದರೆ ಹಿಂದಕ್ಕೆ ಕೊಡಬಹುದು. ನಾಳೆಗೆ ಆ ತಿಂಗಳು ಮುಗಿಯುತ್ತಿತ್ತು. ಅದಕ್ಕೇ ರೇಡಿಯೋದವರು ಅವಳನ್ನು ಈ ಮಧ್ಯಾಹ್ನ ಕರೆಸಿದ್ದರು.

"ಅದನ್ನ ಹಿಂದಕ್ಕೆ ಕೊಟ್ಟುಬಿಡಮ್ಮ" ಎಂದರು. ಮೇಜಿನ ಮೇಲೆ ಮಷೀನನ್ನು ಹೊಸ ದಾರ ಕಟ್ಟಿ, ಒರೆಸಿ ಇಟ್ಟಿದ್ದರು. "ನಿನ್ನ ಅಕ್ಕನದು ಇಲ್ಲಿದೆ. ನಿನ್ನ ಕಿವಿಗೆ ತಕ್ಕ ಹಾಗೆ ಎರಡು ದಿನದಲ್ಲಿ ಮಾಡಿಕೊಡ್ತೀನಿ."

ನಾದಿನಿ ಅದನ್ನು ಎತ್ತಿಕೊಳ್ಳಲಿಲ್ಲ. ಸೆರಗಿನ ಅಂಚಿಗೆ ಹತ್ತಿದ ದಾರದ ಎಳೆಯನ್ನು ಕಿತ್ತು ಕಿತ್ತು ಮೇಜಿನ ಮೇಲೆ ಇಡುತ್ತಿದ್ದಳು.

"ಅಲ್ಲ ಭಾವ, ನನಗ್ಯಾಕೆ ಅಷ್ಟು ಒಳ್ಳೇದು? ನಾನು ಮರೆವಿನವಳು. ಕತ್ತರೀನೇ ದಿನಕ್ಕೆ ಹತ್ತು ಸಲ ಕಳ್ಕೋತೀನಿ."

"ಕೊರಳಿಗೆ ಹಾಕ್ಕೊಂಡಿದ್ದನ್ನ ಹೇಗೆ ಕಳ್ಕೋತೀಯ? ಕಳ್ಕೊಳ್ಳೋದು ಕಿವಿಯೊಳಗೆ ತೂರಿಸೋ ಆ ಕಾಳನ್ನ."

"ನಿಮ್ಮ ಹತ್ರ ಮಾತಾಡಿ ಗೆದ್ದವರಿದ್ದಾರಾ?" ಎಂದು ನಕ್ಕಳು. "ನಿಮ್ಮ ಮೊಮ್ಮಗು ಫೋಟೋ ಕಳಿಸಿ ಅಂದ್ರೆ, ಆ ಆ್ಯಪ್ ಬೇಡ, ಈ ಆ್ಯಪ್ ಕಳ್ಳ, ನಂದೇ ಒಂದಿದೆ ಅದನ್ನ ಹಾಕ್ಕೊಳ್ಳಿ ಅಂತೀರಿ. ಅದನ್ನ ಹಾಕ್ಕೊಂಡು ಫೋಟೋ ನೋಡೋ ಹೊತ್ತಿಗೆ ಆ ಮಗು ಶಾಲೆಗೆ ಸೇರಿರುತ್ತೆ!"

ರೇಡಿಯೋದವರಿಗೂ ನಗು ಬಂತು. ಅಷ್ಟರಲ್ಲಿ ನಾದಿನಿಯ ಫೋನು ಹೊಡೆದುಕೊಂಡಿತು. ಅವಳು ಸ್ಪೀಕರ್ ಹಾಕಿಯೇ ಮಾತನಾಡುವವಳು. ಹಾಗಾಗಿ ಅವರಿಗೂ ಕೇಳಿಸಿತು. ಕಿವಿ ಅಂಗಡಿಯ ಹುಡುಗಿ.

"ಅಮ್ಮಾ, ನಮ್ಮ ಆ್ಯಪ್ ನೋಡಿದ್ರೆ ದಿನಕ್ಕೆ ಎರಡೇ ಗಂಟೆ ಹಾಕ್ಕೋತಿದ್ದೀರಲ್ಲ? ಎಲ್ಲಾದ್ರೂ ನೋವಾಗ್ತಿದೆಯಾ?"

"ಎಡಗಿವಿ ಹಿಂದೆ ಸ್ವಲ್ಪ ಒತ್ತುತ್ತೆ ಕಣಮ್ಮ. ಮತ್ತೆ ತಟ್ಟೆ ಲೋಟದ ಸದ್ದಾದ್ರೆ ಚುಚ್ಚಿದ ಹಾಗಾಗುತ್ತೆ."

"ಹಾಗಿದ್ರೆ ನಾಳೆ ಬನ್ನಿ, ಅದೆರಡನ್ನೂ ಸರಿ ಮಾಡಿಕೊಡ್ತೀವಿ. ಸುಮ್ಮನೆ ತೆಗೆದಿಟ್ಟುಬಿಡಬೇಡಿ ಅಮ್ಮಾ."

ಫೋನು ಇಟ್ಟದ್ದೇ ತಡ, ರೇಡಿಯೋದವರು ಕುರ್ಚಿಯಿಂದ ಎದ್ದೇಬಿಟ್ಟರು.

"ನೋಡಿದ್ಯಾ? ಕೇಳಿಸ್ಕೊಂಡ್ಯಾ? ನಿನ್ನ ಕಿವಿಯೊಳಗೆ ಕೂತು ಗಂಟೆ ಎಣಿಸ್ತಿದ್ದಾರೆ! ನೀನು ಯಾವಾಗ ಎದ್ದೆ, ಯಾವಾಗ ಮಲಗಿದೆ, ಎಲ್ಲಾ ಅವರಿಗೆ ಗೊತ್ತು. ಇದಕ್ಕಿಂತ ಮರ್ಯಾದೆಗೇಡು ಬೇಕಾ?"

"ಅದರಲ್ಲೇನು ಮರ್ಯಾದೆಗೇಡು ಭಾವ? ಹೊಲಿದ ಅಂಗೀನ ಗಿರಾಕಿ ಹಾಕ್ಕೊಳ್ತಿಲ್ಲ ಅಂದ್ರೆ ನಾನೂ ಕೇಳ್ತೀನಿ, ಎಲ್ಲಿ ಬಿಗಿ ಅಂತ. ಕೇಳದೆ ಗೊತ್ತಾಗೋದು ಹೇಗೆ?"

"ನಿನ್ನ ಅಕ್ಕನ ಮಷೀನೂ ಬರೀತಿತ್ತು ಕಣಮ್ಮ! ಯಾವಾಗ ಹಾಕಿದ್ದು, ಯಾವಾಗ ಆರಿಸಿದ್ದು, ದಿನಾ ಬರೀತಿತ್ತು. ಆದ್ರೆ ಎಲ್ಲಿಗೆ ಬರೀತಿತ್ತು? ಈ ಅಲಮಾರಿನ ಮೇಲಕ್ಕೆ. ಹೊರಗಿನ ಒಬ್ಬನ ಕಣ್ಣೂ ಅದರ ಮೇಲೆ ಬಿದ್ದಿಲ್ಲ."

"ನೀವು ನೋಡ್ತಿದ್ರಾ?"

"ನಾನ್ಯಾಕೆ ನೋಡ್ಲಿ? ಅವಳು ಪಕ್ಕದಲ್ಲೇ ಇದ್ದಳಲ್ಲ!" ಎಂದವರು, ಮಾತಿನ ಭರದಲ್ಲಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. "ಬೇಕಾದ್ರೆ ಈಗ ನೋಡು. ದಿನಕ್ಕೆ ಹತ್ತು ಗಂಟೆಗೆ ಕಮ್ಮಿ ಇದ್ದರೆ ನನ್ನ ಹೆಸರು ಬದಲಾಯಿಸು."

"ಬೇಡ ಬಿಡಿ ಭಾವ" ಎಂದಳು ನಾದಿನಿ. ಅವಳ ದನಿ ಒಮ್ಮೆಗೇ ಇಳಿದಿತ್ತು. "ಈಗ ಅದೆಲ್ಲ ಯಾಕೆ? ಅಕ್ಕನೇ ಇಲ್ಲ."

ಆದರೆ ಅವರು ಆಗಲೇ ತೆರೆದಾಗಿತ್ತು.

ಒಂದು ದಿನಕ್ಕೆ ಒಂದು ಗೆರೆ. ಮಷೀನು ಎಷ್ಟು ಹೊತ್ತು ಚಾಲೂ ಇತ್ತೋ ಗೆರೆ ಅಷ್ಟು ಉದ್ದ. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೂ ಉದ್ದ ಗೆರೆ. ಎರಡನೆಯ ದಿನವೂ. ನಾಲ್ಕನೆಯ ದಿನ ಅದು ಅರ್ಧವಾಗಿತ್ತು. ವಾರ ಕಳೆಯುವುದರೊಳಗೆ ಕಾಲಂಗುಲದ ಒಂದು ಚುಕ್ಕಿಯಂಥ ಗೆರೆ ಉಳಿದಿತ್ತು. ರೇಡಿಯೋದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ತಿಂಗಳು ಬದಲಾಯಿಸಿದರು, ವರ್ಷ ಬದಲಾಯಿಸಿದರು. ಅದೇ ಚುಕ್ಕಿ, ಅದೇ ಜಾಗದಲ್ಲಿ. ಸಂಜೆ ಆರೂವರೆಯಿಂದ ಏಳು ಗಂಟೆ.

"ಏನೋ ತಪ್ಪಾಗಿದೆ" ಎಂದರು. "ಬರೆಯೋದರಲ್ಲಿ ಏನೋ ತಪ್ಪಾಗಿದೆ."

ಹಾಗೆಂದರೂ ಅವರಿಗೆ ಗೊತ್ತಾಗಿತ್ತು. ಸಂಜೆ ಆರೂವರೆಗೆ ಅವರು ದೇವರ ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದುತ್ತಿದ್ದರು. ಮದುವೆಯಾದ ದಿನದಿಂದ ತಪ್ಪದೆ ನಡೆದು ಬಂದದ್ದು. ಅವಳು ಎದುರಿಗೆ ಕುಳಿತು ಕೇಳುತ್ತಿದ್ದಳು. ಓದು ಮುಗಿದು, ಪ್ರಾರ್ಥನೆ ಹೇಳಿ ಏಳುವಾಗ ಏಳು ಗಂಟೆ.

ನಾದಿನಿ ಬಾಗಿಲ ಕಡೆ ನೋಡುತ್ತ ಹೇಳಿದಳು: "ತಪ್ಪೇನೂ ಆಗಿಲ್ಲ ಭಾವ. ಅದು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡ್ತಿತ್ತಂತೆ. ಒಂದು ಚಮಚ ಬಿದ್ದರೆ ತಲೆಯೊಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಗುತ್ತೆ ಅಂತಿದ್ದಳು. ಅದಕ್ಕೇ ಕೊರಳಲ್ಲಿ ಹಾಕ್ಕೊಂಡೇ ಆರಿಸಿಟ್ಟಿರ್ತಿದ್ದಳು."

"ನಿನಗೆ ಹೇಳಿದ್ದಳಾ?"

"ಹೇಳಿದ್ದಳು."

"ನನಗ್ಯಾಕೆ ಹೇಳಲಿಲ್ಲ? ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಏಳು ತಿಂಗಳು ಕಣ್ಣು ಕಳ್ಕೊಂಡು ಮಾಡಿದ್ದಾರೆ, ಹೇಳಬೇಡ ಅಂತ ಮಾತು ತಗೊಂಡಳು. ನಾನೂ ಬಾಯಿಗೆ ಬೀಗ ಹಾಕ್ಕೊಂಡೆ. ಅದು ನನ್ನ ತಪ್ಪೇ." ನಾದಿನಿ ಮೂಗು ಒರೆಸಿಕೊಂಡಳು. "ನಿಮ್ಮ ತುಟಿ ನೋಡಿ ಅರ್ಥ ಮಾಡ್ಕೋತಿದ್ದಳು ಭಾವ. ನೀವೋ, ತಲೆ ಬಗ್ಗಿಸಿಕೊಂಡು ಬೆಸುಗೆ ಹಾಕ್ತಾನೇ ಮಾತಾಡ್ತಿದ್ರಿ."

ಈ ಕೋಣೆಯಲ್ಲಿ ಅವಳ ಕುರ್ಚಿ ಮೊದಲು ಕಿಟಕಿಯ ಪಕ್ಕದಲ್ಲಿತ್ತು. ಒಂದು ದಿನ ಅದನ್ನು ಎಳೆದು ತಂದು ಮೇಜಿನ ಆಚೆ, ಅವರ ಮುಖಕ್ಕೆ ನೇರವಾಗಿ ಹಾಕಿಕೊಂಡಿದ್ದಳು. ಬೆಳಕಿಗೆ ಅಡ್ಡವಾಗುತ್ತದೆ ಎಂದು ಅವರು ಗೊಣಗಿದ್ದರು. ಮೇಜಿನ ದೀಪ ಅವಳ ಕಡೆಯಿಂದ ಅವರ ಮುಖಕ್ಕೆ ತಿರುಗಿರುತ್ತಿತ್ತು. ಕಣ್ಣಿಗೆ ಹೊಡೆಯುತ್ತದೆಂದು ಅವರು ದಿನವೂ ಅದನ್ನು ಕೆಳಗೆ ಬಗ್ಗಿಸುತ್ತಿದ್ದರು.

ಈ ಮೂರು ವರ್ಷ ಅವರು ಅವಳಿಗೆ ಏನೇನು ಹೇಳಿದ್ದರು! ಬಳಗದವರು ಬರೆದದ್ದು, ಕಂಪನಿಗಳ ಮೋಸ, ಯಾವ ಫೋನಿನಲ್ಲಿ ಏನು ಕಿತ್ತುಹಾಕಿದೆ ಎಂಬುದು. ಗಂಟೆಗಟ್ಟಲೆ. ಅವಳು ತಲೆಯಾಡಿಸುತ್ತಿದ್ದಳು. ತನ್ನ ಮಾತು ಕೇಳುವವಳು ಮನೆಯಲ್ಲಿ ಒಬ್ಬಳಿದ್ದಾಳೆ ಎಂದು ಅವರು ದೇವರಿಗೆ ಕೃತಜ್ಞತೆ ಹೇಳಿದ್ದರು.

ಕೈ ತಾನಾಗಿ ಕೊನೆಯ ಪುಟಕ್ಕೆ ಹೋಯಿತು. ಅವಳು ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ. ರಾತ್ರಿ ಮಷೀನು ತೆಗೆದು ಚಾರ್ಜಿಗೆ ಹಾಕಿ ಬೆಳಗ್ಗೆ ತೊಡಿಸುತ್ತಿದ್ದವಳು ಅಲ್ಲಿನ ನರ್ಸು. ಸಾವಿನ ಮರುದಿನ ಅವಳ ಚೀಲದಿಂದ ಮಷೀನು ತೆಗೆದು, ಅವಳ ರೂಢಿಯಂತೆ ಮನೆಯಲ್ಲಿ ಚಾರ್ಜಿಗೆ ಹಾಕಿದ್ದರು. ಅದು ತನ್ನ ನೆನಪಿನಲ್ಲಿದ್ದುದನ್ನೆಲ್ಲ ಆಗ ಅಲಮಾರಿನ ಮೇಲಕ್ಕೆ ಕಳಿಸಿತ್ತು.

ಹನ್ನೊಂದು ಗೆರೆಗಳು. ಒಂದೊಂದೂ ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ. ಪರದೆಯ ಈ ಕೊನೆಯಿಂದ ಆ ಕೊನೆಗೆ.

ಆ ವಾರ್ಡಿನ ಸದ್ದು ಅವರ ಕಿವಿಯಲ್ಲಿ ಇನ್ನೂ ಇತ್ತು. ಸ್ಟೀಲಿನ ತಟ್ಟೆಗಳನ್ನು ಜೋಡಿಸುವುದು, ಗಾಡಿಯ ಚಕ್ರ ಕಿರುಗುಟ್ಟುವುದು, ಪಕ್ಕದ ಮಂಚದವರ ಕೆಮ್ಮು, ದಿನವಿಡೀ ಬಡಿದುಕೊಳ್ಳುವ ಬಾಗಿಲು. ಒಂದು ಚಮಚಕ್ಕೆ ತತ್ತರಿಸುತ್ತಿದ್ದವಳು ಅದನ್ನೆಲ್ಲ ಹದಿನಾಲ್ಕು ಗಂಟೆ ಕಿವಿಗೆ ಸುರಿದುಕೊಂಡಿದ್ದಳು.

"ಅಲ್ಲಿ ಯಾಕೆ ಹಾಕ್ಕೊಂಡಳೋ?" ಎಂದಳು ನಾದಿನಿ. ಈ ವಿಷಯ ಅವಳಿಗೂ ಗೊತ್ತಿರಲಿಲ್ಲ.

ರೇಡಿಯೋದವರಿಗೆ ಗೊತ್ತಿತ್ತು. ಅಲ್ಲಿ ಅವಳಿಗೆ ಕತ್ತು ಹೊರಳಿಸಲು ಆಗುತ್ತಿರಲಿಲ್ಲ. ಸೂರನ್ನು ನೋಡುತ್ತ ಮಲಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕುಳಿತವರ ತುಟಿ ಅವಳಿಗೆ ಕಾಣುವಂತಿರಲಿಲ್ಲ. ಅವರು ಯಾವಾಗ ಬಾಯಿ ಬಿಡುತ್ತಾರೋ ಎಂದು ಬೆಳಗಿನಿಂದ ಮಷೀನು ಹಾಕಿಕೊಂಡು ಕಾದಿದ್ದಳು.

"ನಾನು ಮಾತೇ ಆಡಲಿಲ್ಲ ಕಣಮ್ಮ" ಎಂದರು. "ಆಯಾಸ ಆಗುತ್ತೆ ಅಂತ. ಮಾತಾಡಿದ್ರೆ ಉತ್ತರ ಕೊಡಬೇಕಾಗುತ್ತೆ, ಮಲಗಿರಲಿ ಅಂತ. ಸಂಜೆ ಓದನ್ನೂ ಮನಸ್ಸಿನಲ್ಲೇ ಓದ್ಕೊಂಡೆ. ಹನ್ನೊಂದು ದಿನ."

ನಾದಿನಿ ಎದ್ದಳು. ಒಳಗೆ ಹೋಗಿ ನೀರು ತಂದು ಅವರ ಮುಂದಿಟ್ಟಳು. ಅವರು ಕುಡಿಯಲಿಲ್ಲ. ಕಂಪನಿಯವರು ಬೇಡ, ಪರರು ಬೇಡ ಎಂದು ಅವಳ ಪಾಡನ್ನೆಲ್ಲ ಬರೆಸಿ ಭದ್ರವಾಗಿ ಇಟ್ಟಿದ್ದರು. ಯಾರೂ ಇಣುಕದ ಹಾಗೆ ಕಾದಿದ್ದರು. ಇಣುಕಬೇಕಾದವರು ಒಬ್ಬರಿದ್ದರು, ಅವರಿಗೆ ಅದು ಹೊಳೆಯಲೇ ಇಲ್ಲ. ಅಂಗಡಿಯ ಆ ಹುಡುಗಿಗೆ, ಯಾರೆಂದೂ ಸರಿಯಾಗಿ ಅರಿಯದ ಮುದುಕಿಯ ಎರಡು ಗಂಟೆ ಒಂದೇ ತಿಂಗಳಲ್ಲಿ ಕಣ್ಣಿಗೆ ಬಿದ್ದಿತ್ತು.

ತಂದೆಯೇ, ಎಂದು ಅವರು ಒಳಗೇ ಹೇಳಿಕೊಂಡರು. ಮುಂದೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಕ್ಷಮಿಸಬೇಕಾದವಳು ಆಗಲೇ ಕ್ಷಮಿಸಿ, ಮೂರು ವರ್ಷ ಹಾಗೆಯೇ ಬಾಳಿ ಹೋಗಿದ್ದಳು.

ನಾದಿನಿ ಮೇಜಿನ ಮೇಲಿದ್ದ ಮಷೀನನ್ನು ಕೈಗೆತ್ತಿಕೊಂಡಳು. "ಕೊಡಿ ಭಾವ, ನಾನೇ ಹಾಕ್ಕೋತೀನಿ. ನೀವು ಸರಿ ಮಾಡಿಕೊಡಿ. ಈಗ ಗೊತ್ತಾಯ್ತಲ್ಲ, ಎಲ್ಲಿ ನೋವು ಅಂತ."

ಒಂದು ಗಳಿಗೆ ಅವರಿಗೂ ಆಸೆಯಾಯಿತು. ಎಲ್ಲೆಲ್ಲಿ ಏನು ಬದಲಾಯಿಸಬೇಕೆಂದು ಕೈಬೆರಳುಗಳು ಆಗಲೇ ಲೆಕ್ಕ ಹಾಕತೊಡಗಿದ್ದವು. ಆಮೇಲೆ ಅವಳ ಮುಖ ನೋಡಿದರು. ಅಕ್ಕನದೇ ಮುಖ. ಚೆನ್ನಾಗಿ ಕೇಳುತ್ತೆ ಎಂದು ಹೇಳಲು ಸಿದ್ಧವಾಗಿ ನಿಂತ ಮುಖ.

"ಬೇಡ" ಎಂದರು. "ಅದನ್ನ ಅಲ್ಲಿಡು. ನಿನ್ನ ಕಾಳನ್ನೇ ಇಟ್ಕೋ."

"ಭಾವ..."

"ಇಟ್ಕೋ ಅಂದೆನಲ್ಲ. ಎಲ್ಲಿ, ಆ ಅಂಗಡಿಗೆ ಫೋನು ಮಾಡು. ನಾನು ಮಾತಾಡಬೇಕು."

ಅವಳು ಹೆದರಿಕೊಂಡೇ ಮಾಡಿಕೊಟ್ಟಳು. ಭಾವ ಇನ್ನು ಆ ಹುಡುಗಿಯ ಮೇಲೆ ಹರಿಹಾಯುತ್ತಾರೆ ಎಂದುಕೊಂಡಳು. ರೇಡಿಯೋದವರು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡರು.

"ನೋಡಮ್ಮ, ಈಗ ತಾನೇ ನೀವು ಮಾತಾಡಿದ್ರಲ್ಲ, ಹೊಲಿಗೆ ಅಂಗಡಿಯವರು, ಅವರ ಅಕ್ಕನ ಗಂಡ ನಾನು. ನಾಳೆ ಬರ್ತಾಳೆ. ಸ್ವಲ್ಪ ಒತ್ತುತ್ತೆ ಅಂತ ಹೇಳಿದ್ಲಲ್ಲ, ಅದು ಸ್ವಲ್ಪ ಅಲ್ಲ ಅಂತ ತಿಳ್ಕೊಳ್ಳಿ. ಇವರ ಮನೆಯವರು ನೋವು ಹೇಳೋರಲ್ಲ. ನೀವು ವಾರ ವಾರ ಫೋನು ಮಾಡಿ. ಸರಿಯಾಗಿದೆ ಅಂದ್ರೂ ನಂಬಬೇಡಿ, ಗಂಟೆ ನೋಡಿ ಕೇಳಿ."

"ಖಂಡಿತ ಸಾರ್" ಎಂದಳು ಹುಡುಗಿ. ಏನನ್ನೋ ಬರೆದುಕೊಳ್ಳುತ್ತಿದ್ದಳು. "ಸಾರ್, ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಕಿವಿ ತೊಂದರೆ ಇದೆಯಾ? ಇದ್ದರೆ ಜೊತೆಗೇ ಕರ್ಕೊಂಡು ಬನ್ನಿ, ನೋಡ್ತೀವಿ."

ರೇಡಿಯೋದವರು ಬಾಯಿ ತೆರೆದರು. ಆ ಕಡೆಯಿಂದ ಹುಡುಗಿ, "ಸಾರ್, ಕೇಳಿಸ್ತಿದೆಯಾ?" ಎಂದು ಎರಡು ಸಲ ಕೇಳಿದಳು. ಅವರು ಫೋನನ್ನು ನಾದಿನಿಯ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತರು.