ಗೋಡೆ ಮೂಲೆಯ ಪಾತಿ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಹಿತ್ತಲ ಮಣ್ಣು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆದರೆ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಕಸುವು ಬಂದಿತ್ತು.

"ಚಿಕ್ಕಿ, ಬೀಜ ಹಾಕೋ ಕಾಲ ಬಂತು," ಎಂದು ದೊಡ್ಡ ಹುಡುಗಿ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು.

ಚಿಕ್ಕಿ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದು ವರ್ಷ ತುಂಬಿರಲಿಲ್ಲ. ಚಿಕ್ಕಮ್ಮ ಎಂದು ಕರೆಯಲು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಅವರು ಅದನ್ನು ಕತ್ತರಿಸಿ ತಮ್ಮ ಅಳತೆಗೆ ಮಾಡಿಕೊಂಡಿದ್ದರು. ಅವಳಿಗೆ ಸೂಜಿ ಹಿಡಿದು ಗೊತ್ತೇ ಹೊರತು ಗುದ್ದಲಿ ಹಿಡಿದು ಗೊತ್ತಿರಲಿಲ್ಲ. ಹಿತ್ತಲು ಮಕ್ಕಳ ಅಮ್ಮನದು. ಅವಳು ತೀರಿಕೊಂಡ ಮೇಲೆ ಅಲ್ಲಿ ಕಳೆ ಬಿಟ್ಟರೆ ಬೇರೇನೂ ಬೆಳೆದಿರಲಿಲ್ಲ. ಬಸ್ ಓಡಿಸುವ ಗಂಡ ಒದ್ದೆ ಟವೆಲ್ ಒಣಹಾಕಲು ಕೂಡ ಆ ಕಡೆ ಕಾಲಿಡುತ್ತಿರಲಿಲ್ಲ.

"ನಂಗೇನೂ ಬರಲ್ಲ ಕಣೇ."

"ನಾನು ಹೇಳ್ಕೊಡ್ತೀನಿ. ಅಮ್ಮ ನಂಗೆ ಹೇಳ್ಕೊಟ್ಟಿದಾಳೆ."

ಹೇಳಿಯೂ ಕೊಟ್ಟಳು. ಹೆಂಟೆ ಒಡೆಯುವುದು, ಕಲ್ಲು ಆರಿಸುವುದು, ಹಳೇ ಜರಡಿಯಲ್ಲಿ ಮಣ್ಣು ಸೋಸುವುದು. ನೆನೆಸಿಟ್ಟ ಹುರುಳಿಕಾಯಿ ಬೀಜ ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಆಳಕ್ಕೆ. ಮೂಲಂಗಿಗೆ ಉಗುರು ಮುಳುಗಿದರೆ ಸಾಕು. ತಮ್ಮನಿಗೆ ನಾಲ್ಕು ವರ್ಷ, ಎಲ್ಲರಿಗೂ ಅವನು ಪುಟಾಣಿ. ಒಂದು ಬೀಜ ಹೂಳುವುದು, ಬಂತಾ ಎಂದು ಕೆದಕಿ ನೋಡುವುದು, ಮತ್ತೆ ಹೂಳುವುದು ಅವನ ಕೆಲಸ.

"ಹಿಂಗೆ ಎಬ್ಬಿಸ್ತಾ ಇದ್ರೆ ಅದು ನಿದ್ದೆ ಮಾಡೋದ್ಯಾವಾಗೋ," ಎಂದು ಚಿಕ್ಕಿ ನಕ್ಕಳು.

ಕೊನೆಗೆ ಗೋಡೆ ಮೂಲೆಯ ಪಾತಿಯೊಂದು ಉಳಿಯಿತು. ಚಿಕ್ಕಿ ಗುದ್ದಲಿ ಎತ್ತಿದಳೋ ಇಲ್ಲವೋ, ಪುಟಾಣಿ ಅವಳ ತೋಳು ಜಗ್ಗಿದ.

"ಅಲ್ಲಿ ಬೇಡ. ಅಮ್ಮ ಕೂತಿದಾಳೆ."

"ಸುಳ್ಳು," ಎಂದಳು ಅಕ್ಕ. "ನಿಂಗೆ ಅಮ್ಮನ ಮುಖಾನೇ ಗೊತ್ತಿಲ್ಲ. ನೀನಾಗ ಪಾಪು."

"ಕೂತಿದಾಳೆ." ಅವನ ದನಿಯಲ್ಲಿ ಹಟವಿರಲಿಲ್ಲ, ಅಲ್ಲೊಂದು ಬಕೆಟ್ ಇದೆ ಎನ್ನುವ ಹಾಗೆ ಹೇಳಿದ. "ಗೋಡೆಗೆ ಒರಗಿ. ಕಾಲು ಚಾಚಿ."

ಚಿಕ್ಕಿ ಗುದ್ದಲಿ ಇಳಿಸಿದಳು. ಆ ಪಾತಿಯನ್ನು ಹಾಗೇ ಬಿಟ್ಟಳು.

ಆಮೇಲೆ ನೀರು ಹಾಕುವಾಗೆಲ್ಲ ಪುಟಾಣಿ ಆ ಮೂಲೆಯನ್ನು ಬಳಸಿಕೊಂಡು ಹೋಗುವುದನ್ನು ಅವಳು ನೋಡಿದಳು. ಚಾಚಿದ ಕಾಲನ್ನು ದಾಟಬಾರದು ಎಂಬಂತೆ. ಬಟ್ಟೆ ಹರವುವಾಗ ಅವಳ ಬೆನ್ನು ತಣ್ಣಗಾಗುತ್ತಿತ್ತು; ಗೋಡೆಗೆ ಮುಖ ಮಾಡಿಯೇ ಹರವತೊಡಗಿದಳು. ಒಳಗೆ ಹೊಲಿಗೆ ಯಂತ್ರ ನಿಲ್ಲಿಸಿದಾಗ, ಹಿತ್ತಲಲ್ಲಿ ಯಾರೋ ಆಗ ತಾನೇ ಮಾತು ನಿಲ್ಲಿಸಿದಂತೆ ಅನಿಸುತ್ತಿತ್ತು. ಒಂದು ಸಂಜೆ ಗಂಡ ಕೈಕಾಲು ತೊಳೆದು ಬಂದು ಕೂತಾಗ ವಿಷಯ ಎತ್ತಿದಳು.

ಅವನು ಲೋಟ ಕೆಳಗಿಟ್ಟ.

"ಆಸ್ಪತ್ರೇಲಿ ಹೋದ್ಲು ಅಂತ ಎಲ್ಲರಿಗೂ ಹೇಳಿದೀನಿ," ಎಂದ. "ಆಸ್ಪತ್ರೆಗೆ ಕರ್ಕೊಂಡೇನೋ ಹೋದೆ. ಆದ್ರೆ ಅವಳು ಹೋಗಿದ್ದು ಇಲ್ಲೇ, ಆ ಮೂಲೇಲೇ. ಬೀಜ ಹಾಕ್ತಾ ಹಾಕ್ತಾ ಸುಸ್ತಾಗಿ ಗೋಡೆಗೆ ಒರಗಿರ್ಬೇಕು. ನಾನು ಬಂದಾಗ ದೊಡ್ಡೋಳು ಶಾಲೇಲಿದ್ಲು. ಇವನು ಪಕ್ಕದಲ್ಲೇ ಆಡ್ತಿದ್ದ. ಆಗಿನ್ನೂ ನೆಟ್ಟಗೆ ನಡೆಯೋಕೂ ಬರ್ತಿರ್ಲಿಲ್ಲ."

ಲೋಟವನ್ನು ಆಚೆ ಸರಿಸಿದ.

"ಅವಳ ಮಡಿಲ ತುಂಬ ಮಣ್ಣು ಹಾಕಿದ್ದ. ಹಿಡಿ ಹಿಡಿಯಾಗಿ. ಎಷ್ಟು ಹೊತ್ತಿಂದಾನೋ ಏನೋ. ಇದನ್ನ ಯಾರ ಹತ್ರಾನೂ ಹೇಳಿಲ್ಲ. ಅವನಿಗೆ ಹೆಂಗೆ ಗೊತ್ತು?"



ಮರುದಿನ ಮಧ್ಯಾಹ್ನ ಅವಳು ಪುಟಾಣಿಯ ಕೈ ಹಿಡಿದು ಹಿತ್ತಲಿಗೆ ಹೋದಳು. "ನಿಮ್ಮಮ್ಮನ ಪಕ್ಕ ನಾನೂ ಕೂತ್ಕೊಳ್ಳಾ?"

ಅವನು ಮೂಲೆಯತ್ತ ನೋಡಿ, ತುಸು ತಡೆದು, "ಈ ಕಡೆ," ಎಂದು ಜಾಗ ತೋರಿಸಿದ.

ಅವಳು ಗೋಡೆಗೆ ಒರಗಿ ಕೂತಳು. ಬಿಸಿಲು ಮೈತುಂಬ ಬೀಳುತ್ತಿದ್ದರೂ ಎಡಗಡೆ ತೋಳಿಗೆ ಮಾತ್ರ ತಂಪು ತಾಗುತ್ತಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಪುಟಾಣಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ಬಾಚಿ ಅವಳ ಮಡಿಲಿಗೆ ಹಾಕಿದ. ಇನ್ನೊಂದು ಹಿಡಿ ಪಕ್ಕದ ಖಾಲಿ ಜಾಗಕ್ಕೆ. ಮತ್ತೆ ಅವಳಿಗೆ. ಮುಖದಲ್ಲಿ ಆಟದ ಕಳೆಯೇ ಇರಲಿಲ್ಲ.

"ಯಾಕೋ ಕಂದ, ಮಣ್ಣು?"

"ಹಾಕಿದ್ರೂ ಏಳಲ್ಲ," ಎಂದ ಅವನು ಮೆಲ್ಲಗೆ.

ಚಿಕ್ಕಿ ಥಟ್ಟನೆ ಎದ್ದು ನಿಂತಳು. ಮಡಿಲ ಮಣ್ಣು ಕಾಲ ಮೇಲೆ ಸುರಿಯಿತು. "ನೋಡು, ನಾನೆದ್ದೆ." ಮತ್ತೆ ಕೂತಳು. ಅವನು ಅನುಮಾನದಿಂದ ಒಂದು ಹಿಡಿ ಹಾಕಿದ. ಮತ್ತೆ ಎದ್ದಳು. ಕೂರುವುದು, ಏಳುವುದು, ಮಂಡಿ ನೋಯುವವರೆಗೂ. ಬಹಳ ಹೊತ್ತಿನ ಮೇಲೆ ಅವನ ತುಟಿ ಸಡಿಲಾಯಿತು. ಆಮೇಲೆ ಬಿದ್ದು ಬಿದ್ದು ನಕ್ಕ. ಪಾಳಿ ಮುಗಿಸಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಗಂಡ ಎಷ್ಟೋ ಕಾಲದ ಮೇಲೆ ಹಿತ್ತಲಿಗೆ ಇಳಿದು ಬಂದ.

ಅವತ್ತು ಶಾಲೆಯಿಂದ ಬಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನೇ ಎಲ್ಲ ಹೇಳಿದ. ಅವಳು ಅಳಲಿಲ್ಲ. ಆ ವಾರವೇ ಎಲ್ಲರೂ ಸೇರಿ ಮೂಲೆಯ ಪಾತಿಗೂ ಬೀಜ ಹಾಕಿದರು. ಪುಟಾಣಿ ಬೇಡ ಎನ್ನಲಿಲ್ಲ. ಅಮ್ಮ ಎಲ್ಲಿ ಎಂದು ಕೇಳಿದರೆ, "ಎದ್ದು ಹೋದ್ಲು," ಎಂದು ಬೀಜ ಕೆದಕಲು ಓಡಿದ.

ಮೊಳಕೆ ಕಾಣಿಸಿಕೊಂಡ ಮೇಲೆ ಒಂದು ಸಂಜೆ ದೊಡ್ಡ ಹುಡುಗಿ ಮನೆಯೊಳಗೆ ಕಾಣಲಿಲ್ಲ. ಚಿಕ್ಕಿ ಹುಡುಕಿಕೊಂಡು ಹೋದರೆ, ಅವಳು ಮೂಲೆಯಲ್ಲಿ ಸಸಿಗಳಿಗೆ ತಾಗದಂತೆ ಕಾಲು ಮಡಚಿ, ಗೋಡೆಗೆ ಒರಗಿ ಕೂತಿದ್ದಳು. ಮುಟ್ಟಿದರೆ ಅವಳ ಕೈಕಾಲು ತಣ್ಣಗೆ ಕೊರೆಯುತ್ತಿದ್ದವು.

"ನಂಗೆ ಅಮ್ಮನ ದನಿ ನೆನಪಿದೆ, ಬಳೆ ನೆನಪಿದೆ," ಎಂದಳು. "ಅವನಿಗೆ ಏನೂ ನೆನಪಿಲ್ಲ. ಆದ್ರೂ ಅವನಿಗೆ ಕಂಡ್ಲು. ನಂಗ್ಯಾಕೆ ಕಾಣ್ಸಲ್ಲ ಚಿಕ್ಕಿ?"

ಚಿಕ್ಕಿ ಒಳಗೆ ಹೋಗಿ ಸ್ವೆಟರ್ ತಂದಳು. ಅವಳಿಗೆ ತೊಡಿಸಿ, ಗುಂಡಿ ಹಾಕಿ, ಪಕ್ಕದಲ್ಲಿ ಕೂತಳು. ಕತ್ತಲಾಗುವವರೆಗೂ ಇಬ್ಬರೂ ಕಾದರು.