ಎರಡು ಪೆಟ್ಟಿಗೆ, ಎರಡು ಸಮುದ್ರ

ಕಿಟಕಿಯಾಚೆ ಸಮುದ್ರ ಚಾಪೆ ಹಾಸಿದಂತೆ ಮಲಗಿತ್ತು. ಮೇಜಿನ ಮೇಲಿನ ಪರದೆಯಲ್ಲಿ ಮಾತ್ರ ಅದೇ ಪಾರಂಗ ಬಂದರಿಗೆ ಮೂರು ಮೀಟರ್ ಅಲೆ.

"ಬಾ ಹಮ್ಸಿನಾ, ನೀನು ಮಾಡಿರೋ ಪವಾಡ ನೋಡು," ಎಂದರು ಬಂದರಿನ ಅಧಿಕಾರಿ ದಾಯೆಂಗ್ ರೇವ. "ನನ್ನ ಕಿಟಕೀಲಿ ಒಂದು ಸಮುದ್ರ, ನಿನ್ನ ಪೋರ್ಟಲ್‌ನಲ್ಲಿ ಇನ್ನೊಂದು."

ನನಗೆ ಸಿಟ್ಟು ಬಂತು. ಆ ಪೋರ್ಟಲ್ ನನ್ನ ಕೈಕೆಲಸ. ಒಂದೇ ಪುಟ, ಅದರೊಳಗೆ ಪೋರ್ಟ್‌ಲೆಟ್ ಎನ್ನುವ ಪುಟ್ಟ ಪೆಟ್ಟಿಗೆಗಳು. ಒಂದು ಗಾಳಿಯದು, ಒಂದು ಅಲೆಯದು, ಒಂದು ದೋಣಿ ಹೊರಡುವ ಹೊತ್ತಿನದು. ಯಾರಿಗೆ ಯಾವುದು ಬೇಕೋ ಅವರೇ ಎಳೆದು ಇಟ್ಟುಕೊಳ್ಳಬಹುದು. ಮಕಸ್ಸರ್ ನಗರದ ನಮ್ಮ ಕಚೇರಿಯಲ್ಲಿ ಎಲ್ಲ ನೆಟ್ಟಗಿತ್ತು. ಈ ಹಿರಿಯರ ಕೈಗೆ ಮೌಸ್ ಕೊಟ್ಟರೆ ಹೀಗೇ ಎಂದುಕೊಂಡೆ.

"ಏನೇನು ಒತ್ತಿದ್ರಿ ದಾಯೆಂಗ್?"

"ಒತ್ತೋದು ನನ್ನ ಕೆಲಸ, ಉತ್ತರ ಕೊಡೋದು ನಿಂದು. ಬೇಗ ನೋಡು ತಾಯಿ. ಲಮ್ಮುರು ದ್ವೀಪದ ದೋಣಿ ತುಂಬಿ ನಿಂತಿದೆ. ಅಲ್ಲಿನ ಫೋನು ಬೆಳಿಗ್ಗೆಯಿಂದ ಸತ್ತಿದೆ. ನಿನ್ನ ಪೆಟ್ಟಿಗೆ ಲಮ್ಮುರುಲಿ ಅರ್ಧ ಮೀಟರ್ ಅಷ್ಟೇ ಅಂತಿದೆ. ನಂಬ್ಲಾ, ಬೇಡ್ವಾ?"

ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಆ ದೋಣಿಯಲ್ಲಿ ನನ್ನ ಅಮ್ಮ ಕೂತಿದ್ದಳು. ಲಮ್ಮುರುವಿನಲ್ಲಿ ತನ್ನ ತಮ್ಮನ ಮಗಳ ಮದುವೆಗೆ ಹೊರಟವಳನ್ನು ಈಗಷ್ಟೇ ನಾನೇ ಹತ್ತಿಸಿ ಬಂದಿದ್ದೆ. ಹೆದರಿಕೆಯಾಯಿತು.

ಪರದೆಗೆ ಕಣ್ಣು ಕೀಲಿಸಿದೆ. ಅಲೆಯ ಪೆಟ್ಟಿಗೆ ಎರಡಿದ್ದವು, ಅಕ್ಕಪಕ್ಕ.

"ಇದ್ಯಾಕೆ ಎರಡೆರಡು?"

"ಮತ್ತೆ? ಹೊರಡೋ ಬಂದರು, ಸೇರೋ ಬಂದರು, ಎರಡನ್ನೂ ಒಟ್ಟಿಗೆ ನೋಡದೆ ನಾನು ಯಾವತ್ತೂ ಹಗ್ಗ ಬಿಚ್ಚಿಸಿಲ್ಲ. ದೋಣಿ ಒಂದೇ ದಡದಲ್ಲಿ ಓಡುತ್ತಾ?"

ನಾವು ಯಾರೂ ಹೀಗೆ ಮಾಡಿ ನೋಡಿರಲಿಲ್ಲ. ಒಂದು ಪೆಟ್ಟಿಗೆ ಇಟ್ಟು, ಊರು ಬದಲಿಸಿ, ಸರಿಯಿದೆ ಎಂದು ಎದ್ದುಹೋಗಿದ್ದೆವು. ಪುಟವನ್ನು ಹೊಸದಾಗಿ ತೆರೆದೆ. ಎರಡರಲ್ಲೂ ಪಾರಂಗ, ಅರ್ಧ ಮೀಟರ್. ಬಲಗಡೆಯದರಲ್ಲಿ ಲಮ್ಮುರು ಆರಿಸಿದೆ. ಹೆಸರು ಬಲಗಡೆ ಬದಲಾಯಿತು. ಅಂಕಿ ಬದಲಾದದ್ದು ಎಡಗಡೆ!

"ಅರೆರೆ! ಇನ್ನೊಂದ್ಸಲ ಮಾಡು," ಎಂದು ದಾಯೆಂಗ್ ಕುರ್ಚಿ ಎಳೆದುಕೊಂಡರು. ಬೇರೆ ದ್ವೀಪ ಆರಿಸಿದೆ. ಅದೇ ಕತೆ. "ಇನ್ನೊಂದ್ಸಲ!" ಇಬ್ಬರೂ ಹೊತ್ತು ಮರೆತು ಆಡುತ್ತಿದ್ದೆವು. ಅಷ್ಟರಲ್ಲಿ ದೋಣಿಯವನು ಹಾರ್ನ್ ಹೊಡೆದ.

ಆಗ ಹೊಳೆಯಿತು. ಈ ಪೆಟ್ಟಿಗೆಯನ್ನು ನಾನು ಮೊದಲು ಫ್ರೇಮ್‌ವರ್ಕ್ ಎನ್ನುವ ಸಿದ್ಧ ಚೌಕಟ್ಟಿನಲ್ಲಿ ಇಡೀ ಪುಟವಾಗಿಯೇ ಕಟ್ಟಿದ್ದೆ. ಆಮೇಲೆ ಹಾಗೇ ತಂದು ಪೋರ್ಟಲ್‌ನೊಳಗೆ ಕೂರಿಸಿದ್ದೆ. ಒಂಟಿ ಮನೆಯಲ್ಲಿ ಬೆಳೆದವರು ವಠಾರಕ್ಕೆ ಬಂದ ಹಾಗೆ, ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಂಬ ಎಚ್ಚರವೇ ಇಲ್ಲ. ಅಂಕಿ ಬರೆಯುವ ಜಾಗಕ್ಕೆ ಎರಡು ಪೆಟ್ಟಿಗೆಯಲ್ಲೂ ಒಂದೇ ಹೆಸರು.

"ಜೆಟ್ಟಿ ಮೇಲೆ ನಿಂತು 'ದಾಯೆಂಗ್' ಅಂತ ಕೂಗಿದ್ರೆ ಏನಾಗುತ್ತೆ?" ಎಂದೆ.

"ಅರ್ಧ ಊರು ತಿರುಗಿ ನೋಡುತ್ತೆ. ಇಲ್ಲಿ ಹಿರಿಯರನ್ನೆಲ್ಲ ಕರೆಯೋದೇ ದಾಯೆಂಗ್ ಅಂತ."

"ಕಂಪ್ಯೂಟರಿಗೆ ಮೊದಲು ಸಿಕ್ಕಿದವನೇ ಸಾಕು. ಅಂಕೀನ ಅವನ ಕೈಗೆ ತುರುಕಿ ಬಂದ್ಬಿಡುತ್ತೆ."

ದಾಯೆಂಗ್ ನಕ್ಕರು. ಮರುಗಳಿಗೆ ಆ ನಗು ಮಾಯವಾಯಿತು. "ಹಾಗಾದ್ರೆ ಆ ಮೂರು ಮೀಟರ್ ಲಮ್ಮುರುದಾ?"

ನಾನು ಲ್ಯಾಪ್‌ಟಾಪ್ ತೆರೆದೆ. ಪೋರ್ಟಲ್ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಗುರುತು ಕೊಡುತ್ತದೆ. ಆ ಗುರುತನ್ನು ಹೆಸರಿನ ಹಿಂದೆ ಸೇರಿಸುವುದು ಒಂದೇ ಸಾಲಿನ ಕೆಲಸ. ಆ ಒಂದು ಸಾಲು ಬರೆದು ಪೋರ್ಟಲ್‌ಗೆ ಹಾಕಿದೆ. ಪುಟ ಮತ್ತೆ ತೆರೆಯಿತು. ಎಡಗಡೆ ಪಾರಂಗ, ಅರ್ಧ ಮೀಟರ್. ಬಲಗಡೆ ಲಮ್ಮುರು, ಮೂರು ಮೀಟರ್.

ದಾಯೆಂಗ್ ವಾಕಿಟಾಕಿ ಎತ್ತಿಕೊಂಡು ನನ್ನ ಮುಖ ನೋಡಿದರು. "ಆಗ ಸುಳ್ಳು ಹೇಳಿದ್ದು ಈಗ ನಿಜ ಹೇಳ್ತಿದೆ ಅಂತ ಹೆಂಗೆ ನಂಬ್ಲಿ? ನಿಲ್ಲಿಸಿದ್ರೆ ಜನ ನನ್ನ ಜನ್ಮ ಜಾಲಾಡ್ತಾರೆ. ಕಟ್ಟಿದವಳು ನೀನು. ನೀನೇ ಹೇಳು."

"ನಿಲ್ಲಿಸಿ. ಅದ್ರಲ್ಲಿ ನಮ್ಮಮ್ಮ ಇದ್ದಾಳೆ."

ದಾಯೆಂಗ್ ಗುಂಡಿ ಒತ್ತಿದರು. "ಹಗ್ಗ ಬಿಚ್ಬೇಡ್ರೋ," ಎಂದು ವಾಕಿಟಾಕಿಗೆ ಹೇಳಿದರು.

ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. "ಹಮ್ಸಿ, ಮದುವೆ ತಪ್ಪಿಹೋಯ್ತು ಕಣೇ!" ಅಮ್ಮ ಕಿರುಚುತ್ತಿದ್ದಳು. "ಸಮುದ್ರ ನೋಡಿದ್ರೆ ನೀರು ತುಂಬಿದ ತಟ್ಟೆ ಇದ್ದಂಗಿದೆ. ಇಂಥಾದ್ರಲ್ಲಿ ದೋಣಿ ನಿಲ್ಸಿದ ಮೂರ್ಖ ಯಾವನು, ಹೋಗಿ ಕೇಳು!"

ಪಕ್ಕದಲ್ಲೇ ಕೇಳಿಸಿಕೊಂಡ ದಾಯೆಂಗ್, ಸದ್ದಿಲ್ಲದೆ ನನ್ನತ್ತ ಬೆರಳು ತೋರಿಸಿದರು.

"ನಾನೇ ಅಮ್ಮಾ," ಎಂದೆ. "ಕೆಳಗೆ ಇಳಿ. ಬರ್ತಿದ್ದೀನಿ."